ಮಾಳವ್ವ ಸಾಕಿದ ತೋಳನಾಯಿ

ಕಲ್ಲುಗುಡ್ಡಗಳ ನಡುವಿನ ಒಂದು ಕುರುಚಲು ಕಾಡಿನಲ್ಲಿ ಮಾಳವ್ವ ಎಂಬ ಕುರಿಗಾಹಿ ಇದ್ದಳು. ಒಂದು ದಿನ ಬಂಡೆಯ ಸಂದಿಯಲ್ಲಿ ಅವಳಿಗೆ ಒಂದು ಮರಿ ಸಿಕ್ಕಿತು. ಪಕ್ಕದಲ್ಲೇ ತಾಯಿತೋಳ ಸತ್ತು ಬಿದ್ದಿತ್ತು. ಮರಿಯ ಕಣ್ಣು ತೋಳದ್ದು, ಜೋಲುಕಿವಿ ಮಾತ್ರ ನಾಯಿಯದು. ತಂದೆ ಯಾವುದೋ ಮಂದೆಯ ನಾಯಿ ಎಂದು ನೋಡಿದರೇ ತಿಳಿಯುತ್ತಿತ್ತು. ಮಾಳವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬೂದ ಎಂದು ಹೆಸರಿಟ್ಟಳು.

ಮಂದೆಯ ಹಿರಿಯ ಟಗರು ಹೌಹಾರಿತು. "ಅವ್ವಾ, ಇದು ತೋಳದ ರಕ್ತ! ನಮ್ಮ ಗತಿ ಏನು?"

"ತಂದವಳು ನಾನು. ಹೊಣೆಯೂ ನನ್ನದೇ," ಎಂದಳು ಮಾಳವ್ವ.

ಹಾಗೆಯೇ ನಡೆದಳು. ಆಳೆತ್ತರದ ಜಾಲಿಮುಳ್ಳಿನ ಬೇಲಿ ಕಟ್ಟಿ ಬೂದನಿಗೆ ಬೇರೆಯೇ ದೊಡ್ಡಿ ಮಾಡಿದಳು. ತಾನು ಅರೆಹೊಟ್ಟೆ ಉಂಡರೂ ಅವನ ಹೊಟ್ಟೆ ತುಂಬಿಸಿದಳು. ದಿನಾ ಬೆಳಿಗ್ಗೆ ಹಗ್ಗ ಹಿಡಿದು, ಏದುಸಿರು ಬಿಡುತ್ತಾ, ಅವನೊಂದಿಗೆ ಗುಡ್ಡ ಹತ್ತಿ ಇಳಿದಳು. ಕುರಿಮರಿಗಳ ಜೊತೆ ಮಾತ್ರ ಅವನನ್ನು ಎಂದೂ ಒಂಟಿಯಾಗಿ ಬಿಡಲಿಲ್ಲ. ಬೂದ ಬೆಳೆದ. ಅವನು ಬಂಡೆಯ ಮೇಲೆ ನಿಂತರೆ ಕಾಡೇ ತಿರುಗಿ ನೋಡುತ್ತಿತ್ತು.

ಒಂದು ಸಂಜೆ ನರಿಯೊಂದು ಬೇಲಿಯ ಬುಡ ಕೆರೆದು ಕಿಂಡಿ ಮಾಡಿತು. "ಏನಯ್ಯಾ ಬೂದರಾಯ, ತೋಳದ ಮಗ ಮುದ್ದೆ ನುಂಗುವುದೇ? ನಾಳೆ ಮಾಳವ್ವ ನೀರಿಗೆ ಹೋದಾಗ ಕುರಿಮರಿಗಳ ದೊಡ್ಡಿಗೆ ನುಗ್ಗು. ನನಗೂ ಒಂದು ಪಾಲು ಇಡು," ಎಂದಿತು. 'ಮಾಂಸ ನನಗೆ, ದೊಣ್ಣೆಪೆಟ್ಟು ಇವನಿಗೆ' ಎಂದು ಒಳಗೊಳಗೇ ನಕ್ಕಿತು.

ಬೆಳಿಗ್ಗೆ ಬೂದ ಊಟ ಮುಟ್ಟಲಿಲ್ಲ. ಕಿಂಡಿ ತೋರಿಸಿ, ನರಿ ಹೇಳಿದ್ದನ್ನೆಲ್ಲ ಹೇಳಿದ. "ಅವ್ವಾ, ಆ ಮಾತು ಕೇಳಿ ನನ್ನ ಬಾಯಲ್ಲಿ ನೀರೂರಿತು. ನನಗೇ ನನ್ನ ಮೇಲೆ ನಂಬಿಕೆ ಇಲ್ಲ. ಮರಿಗಳನ್ನು ದೂರ ಇಡು."

ಮಾಳವ್ವ ಒಮ್ಮೆ ಮರಿಗಳ ದೊಡ್ಡಿಯ ಕಡೆ ನೋಡಿದಳು. ಆದರೂ ಅವನ ಕೊರಳು ನೇವರಿಸಿದಳು. "ಆಸೆ ನಿನ್ನ ಹುಟ್ಟಿನದು ಮಗಾ. ಬಾಯಿಬಿಟ್ಟು ಹೇಳಿದೆಯಲ್ಲ, ಅದು ನಿನ್ನ ದೊಡ್ಡತನ. ಇನ್ನು ಕಾಯುವುದು ನನ್ನ ಕೆಲಸ."

ಅವಳು ಕಿಂಡಿಗೆ ಕಲ್ಲು ತುಂಬಿ, ಮರಿಗಳನ್ನು ಬೂದನ ದೊಡ್ಡಿಯ ಆ ಎತ್ತರದ ಬೇಲಿಯೊಳಗೆ ಸೇರಿಸಿದಳು. ಮರಿಗಳ ಖಾಲಿ ದೊಡ್ಡಿಯಲ್ಲಿ ಬೂದನನ್ನು ಉದ್ದನೆಯ ಹಗ್ಗದಿಂದ ಕಟ್ಟಿ, ಮುಂದೆ ಒಂದು ಎಲುಬು ಹಾಕಿದಳು. ಕೊಡ ಹೊತ್ತು ಹಳ್ಳಕ್ಕೆ ಹೋದಳು.

ನರಿ ಬಂದಿತು. ಮರಿಗಳ ದೊಡ್ಡಿಯಿಂದ ಎಲುಬು ಕಡಿಯುವ ಸದ್ದು! ಬಾಲ ಕುಣಿಸುತ್ತಾ ಒಳಗೆ ನುಸುಳಿತು. "ನನ್ನ ಪಾಲು ಎಲ್ಲಿ?"

"ಇಲ್ಲಿದೆ," ಎಂದು ಬೂದ ಒಂದೇ ನೆಗೆತಕ್ಕೆ ಅದನ್ನು ನೆಲಕ್ಕೆ ಒತ್ತಿ ಹಿಡಿದ. ಕಚ್ಚಲಿಲ್ಲ. ಮಾಳವ್ವ ಬರುವ ತನಕ ಹಾಗೇ ನಿಂತ.

"ಸಾಕು, ಬಿಡು ಮಗಾ," ಎಂದಳು ಅವಳು. ಬೂದ ಬಿಟ್ಟ. ಬಿಟ್ಟದ್ದೇ ತಡ, ನರಿ ಕಣ್ಣು ಮುಚ್ಚಿ ಆ ದೊಡ್ಡಿಯ ಮುಳ್ಳುಬೇಲಿಯೊಳಗೆ ನುಗ್ಗಿತು. ಅರ್ಧ ಬಾಲ ಬೇಲಿಯಲ್ಲೇ ಉಳಿಯಿತು. ಮತ್ತೆ ಅದು ಆ ಕಡೆ ತಲೆ ಹಾಕಲಿಲ್ಲ.

ಟಗರು ಬೂದನ ಮುಂದೆ ಕೊಂಬು ಬಾಗಿಸಿತು. "ಇವನು ನಮ್ಮವನೇ. ಇನ್ನು ಬೇಲಿ ಯಾಕವ್ವಾ?"

"ನಮ್ಮವನು ಅಂತಲೇ ಬೇಲಿ. ಒಂದು ಗಳಿಗೆ ಅವನು ಆಸೆಗೆ ಸೋತರೆ ನಿಮ್ಮ ಜೀವ ಹೋಗುತ್ತದೆ, ಅವನು ಗಳಿಸಿದ ಹೆಸರೂ ಹೋಗುತ್ತದೆ," ಎಂದಳು ಮಾಳವ್ವ. ಬೂದ ಅವಳ ಅಂಗೈ ನೆಕ್ಕಿ, ತಾನಾಗಿಯೇ ತನ್ನ ದೊಡ್ಡಿಯ ಕಡೆ ನಡೆದ.

ನೀತಿ: ಕಾಡಿನ ರಕ್ತವಿರುವ ಜೀವವನ್ನು ಸಾಕಲು ಪ್ರೀತಿಯೊಂದೇ ಸಾಲದು, ಅದರ ಸ್ವಭಾವ ಅರಿತು, ಕೊನೆಯವರೆಗೂ ಹೊಣೆ ಹೊರುವವರೇ ಅದನ್ನು ಸಾಕಬೇಕು.