ರಕ್ತದ ಚೀಲ ಮತ್ತು ಔಷಧದ ಸೀಸೆ

ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ದರ್ಜಿ ಹಸೀನಾಬಿಯ ಆಪರೇಷನ್‌ಗೆ ಎಲ್ಲವೂ ಸಿದ್ಧವಾಗಿತ್ತು. ಆಕೆಯದು ಅಪರೂಪದ ಗುಂಪಿನ ರಕ್ತ. ಊರೆಲ್ಲ ಹುಡುಕಿದರೂ ಸಿಕ್ಕಿದ್ದು ಒಂದೇ ಚೀಲ.

ಆ ರಕ್ತದ ಚೀಲ ತಂಪು ಪೆಟ್ಟಿಗೆಯೊಳಗಿಂದ ಪಕ್ಕದ ಮೇಜಿನ ಮೇಲಿದ್ದ ಔಷಧದ ಸೀಸೆಗೆ ಹೇಳಿತು: “ಮೂಳೆ ಕೊರೆದಾಗ ರಕ್ತ ಹರಿಯುವುದು ಸಹಜ. ಹೋದದ್ದನ್ನು ತುಂಬಲು ನಾನಿದ್ದೇನೆ. ನಿನಗೇನು ಕೆಲಸ?”

“ಹೋಗುವ ಮುಂಚೆಯೇ ನನ್ನ ಕೆಲಸ,” ಎಂದಿತು ಸೀಸೆ. “ಗಾಯದ ಬಾಯಲ್ಲಿ ರಕ್ತ ತಾನಾಗಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಬೇಗ ಕರಗದಂತೆ ನಾನು ಕಾಯುತ್ತೇನೆ.”

ಡಾಕ್ಟರ್ ಪ್ರಫುಲ್ಲಾ ಮೊದಲು ಸೀಸೆಯ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಆಮೇಲೆ ಚಾಕು ಹಿಡಿದರು. ಈಗ ಕರೆಯುತ್ತಾರೆ, ಇನ್ನೇನು ಕರೆಯುತ್ತಾರೆ ಎಂದು ಚೀಲ ಕಾದೇ ಕಾಯಿತು. ಕೊನೆಗೆ ಹೊಲಿಗೆ ಹಾಕುತ್ತಾ ಡಾಕ್ಟರು, “ರಕ್ತ ಬೇಕಾಗಲಿಲ್ಲ,” ಎಂದರು.

“ನಾನು ಬಂದದ್ದೇ ದಂಡವಾಯಿತು,” ಎಂದು ಚೀಲ ನೊಂದುಕೊಂಡಿತು.

“ನೀನಿದ್ದ ಧೈರ್ಯದಿಂದಲೇ ಅವರು ಚಾಕು ಹಿಡಿದದ್ದು,” ಎಂದಿತು ಬರಿದಾದ ಸೀಸೆ.

ಅಷ್ಟರಲ್ಲಿ ನರ್ಸ್ ಓಡಿಬಂದಳು. “ಮೇಡಂ, ಹೆರಿಗೆ ವಾರ್ಡಿನಲ್ಲಿ ಒಬ್ಬಳಿಗೆ ವಿಪರೀತ ರಕ್ತ ಹೋಗಿದೆ. ಅವಳದೂ ಇದೇ ಗುಂಪು!”

“ಹಾಗಾದರೆ ತಗೊಂಡು ಓಡಮ್ಮ,” ಎಂದರು ಡಾಕ್ಟರು.

ಚೀಲ ನರ್ಸಿನ ಕೈಯಲ್ಲಿ ಹೊರಟಿತು. ಸಂಜೆ ಆ ಬಾಣಂತಿ ಕಣ್ಣು ತೆರೆದು, ಮಗು ಎಲ್ಲಿ ಎಂದು ಕೇಳಿದಳು.