ಲೂರ್ದಮ್ಮನಿಗೆ ಹೇಳಿದ ಮಾತು

ಹೊಳೆ ದಂಡೆಯ ಆ ಊರಿನಲ್ಲಿ ಇನ್ನಾಸಪ್ಪ ಸ್ವಾಮಿಗಳು ವಾರವಿಡೀ ಹಾಸಿಗೆ ಹೊಲಿಯುತ್ತಿದ್ದರು, ಭಾನುವಾರ ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುತ್ತಿದ್ದರು.

ಅವರು ಕಥೋಲಿಕ ಗುರುವೇ. ಆದರೆ ಊರಿನ ದೊಡ್ಡ ಚರ್ಚಿಗೆ ಸೇರಿದವರಲ್ಲ. ಅವರದು ಒಂದು ಸಣ್ಣ ಸ್ವತಂತ್ರ ಸಭೆ. ಅವರಿಗೆ ದೀಕ್ಷೆ ಕೊಟ್ಟ ಬಿಷಪ್ಪರೇ ಬೇರೆ. ಆ ಬಿಷಪ್ಪರೂ ದೂರದ ಊರಲ್ಲಿ ಮೇಷ್ಟ್ರ ಕೆಲಸ ಮಾಡಿ ಬದುಕುವವರು. ಸಂಬಳ ಕೊಡುವವರಿಲ್ಲ, ಇರಲು ಬಂಗಲೆಯಿಲ್ಲ. ತಗಡಿನ ಶೀಟು ಹೊದಿಸಿದ ಒಂದೇ ಕೋಣೆ. ವಾರದ ದಿನ ಅಲ್ಲೇ ಹತ್ತಿ ಹಿಂಜುವುದು. ಭಾನುವಾರ ಗುಡಿಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಅದೇ ಬಲಿಪೀಠ.

ಊರಿನ ಜನರದು ಒಂದು ವಿಚಿತ್ರ. ಸ್ವಾಮಿಗಳು ಹೊಲಿದ ಹಾಸಿಗೆಯ ಮೇಲೆ ಹಾಯಾಗಿ ಮಲಗುತ್ತಿದ್ದರು, ಸ್ವಾಮಿಗಳ ಆಶೀರ್ವಾದ ಮಾತ್ರ ಬೇಡ ಅನ್ನುತ್ತಿದ್ದರು.

ಅವರಿಗೊಬ್ಬ ಶಿಷ್ಯ, ಅರುಳಪ್ಪ. ಗುರುವಾಗುವ ಅರ್ಧ ದಾರಿ ಬಂದವನು. ಶುಭಸಂದೇಶ ಓದಬಹುದಿತ್ತು, ಸ್ವಾಮಿಗಳು ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು ರೋಗಿಗಳಿಗೆ ಪರಮಪ್ರಸಾದವಾಗಿ ಒಯ್ದು ಕೊಡಬಹುದಿತ್ತು, ಬಲಿಪೂಜೆ ಅರ್ಪಿಸುವಂತಿರಲಿಲ್ಲ. ಬರುವ ಭಾನುವಾರ ಬಿಷಪ್ಪರು ಬಂದು ಅವನಿಗೆ ಗುರುದೀಕ್ಷೆ ಕೊಡುವವರಿದ್ದರು.

ಸ್ವಾಮಿಗಳ ಎದೆಯಲ್ಲಿ ಹತ್ತಿಯ ಧೂಳು ತುಂಬಿ, ಕೆಮ್ಮು ಅವರನ್ನು ಬಿಡುತ್ತಿರಲಿಲ್ಲ. ಅರುಳಪ್ಪನನ್ನು ಬಿಟ್ಟರೆ ಆ ಕೋಣೆಗೆ ಬೇರೆ ದಿಕ್ಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಒಂದು ದಿನ ಕೆಲಸದ ನಡುವೆ ಅರುಳಪ್ಪ ಹೇಳಿದ, "ಸ್ವಾಮಿ, ಜನ ನಮ್ಮನ್ನ ಡೂಪ್ಲಿಕೇಟ್ ಅಂತಾರೆ."

"ಅನ್ನಲಿ."

"ನಾವು ನಿಜವಾದ ಗುರುಗಳೇನಾ?"

ಸ್ವಾಮಿಗಳು ದಬ್ಬಣಕ್ಕೆ ದಾರ ಪೋಣಿಸಿ ಅವನ ಕೈಗಿಟ್ಟರು.

"ಆ ಮೂಲೆ ಹೊಲಿ. ಕತ್ತಲಾಗೋದ್ರೊಳಗೆ ಹಾಸಿಗೆ ಮನೆ ಸೇರಬೇಕು. ಆ ಮನೇಲಿ ಬಾಣಂತಿ ಇದಾಳೆ."

ಅರುಳಪ್ಪನಿಗೆ ಇದೊಂದು ಉತ್ತರ ಅನ್ನಿಸಲಿಲ್ಲ. ಮುಖ ಊದಿಸಿಕೊಂಡೇ ಹೊಲಿದ.

ಮಾರನೆಯ ದಿನ ಮಧ್ಯಾಹ್ನ ಚೌರಪ್ಪ ಓಡಿ ಬಂದ. ಅವನು ದೊಡ್ಡ ಚರ್ಚಿನವನು. ಬಾಗಿಲ ಆಚೆಯೇ ನಿಂತ.

"ಅವ್ವಂಗೆ ಮೇಲುಸಿರು ಬಂದದೆ. ನಮ್ಮ ಸ್ವಾಮಿಗಳು ಊರಲ್ಲಿಲ್ಲ, ಫೋನೂ ಸಿಕ್ತಿಲ್ಲ. ಪರಮಪ್ರಸಾದ ಬೇಕು ಅಂತ ಒಂದೇ ಸಮನೆ ಕೇಳ್ತಾವ್ಳೆ. ನೀವೇ ಬನ್ನಿ."

ಸ್ವಾಮಿಗಳು ಏಳಲು ಹೋದರು. ಕೆಮ್ಮು ಹತ್ತಿಕೊಂಡು ಹಾಗೇ ಗೋಡೆಗೆ ಒರಗಿದರು.

"ಅರುಳಪ್ಪ, ನೀನು ಹೋಗು."

ಚೌರಪ್ಪನ ತಾಯಿ ಲೂರ್ದಮ್ಮ ದಿಂಬಿಗೆ ಒರಗಿ ಮಲಗಿದ್ದಳು. ಕಣ್ಣು ಮಂಜಾಗಿತ್ತು. ಬಿಳಿ ನಿಲುವಂಗಿ ಹತ್ತಿರ ಬಂದದ್ದು ಮಾತ್ರ ಅವಳಿಗೆ ಕಂಡಿತು.

"ಯಾರು? ದೊಡ್ಡ ಚರ್ಚಿನ ಸ್ವಾಮಿನಾ?"

ಅರುಳಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಚೌರಪ್ಪ ತಲೆ ತಗ್ಗಿಸಿದ.

"ಹೂಂ ಅಮ್ಮ, ದೊಡ್ಡ ಚರ್ಚಿನವನೇ."

ಲೂರ್ದಮ್ಮ ಬಾಯಿ ತೆರೆದಳು. ಪರಮಪ್ರಸಾದ ಸ್ವೀಕರಿಸಿದಳು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಸದ್ಯ," ಎಂದಳು. "ಇವನೆಲ್ಲಿ ಆ ಹಾಸಿಗೆ ಸ್ವಾಮಿನ ಕರ್ಕೊಂಡು ಬತ್ತಾನೋ ಅಂತ ಹೆದರಿದ್ದೆ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಪ್ರಾಣ ಹೋಯಿತು.

ಅರುಳಪ್ಪ ಬಂದು ಎಲ್ಲವನ್ನೂ ಗುರುಗಳಿಗೆ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ.

"ಸುಳ್ಳು ಹೌದು ಸ್ವಾಮಿ. ಆದರೆ ಸಾಯೋರ ಮುಂದೆ ಎಂಥ ವಾದ? ನಿಜ ಹೇಳಿದ್ದರೆ ಬಾಯಿ ತೆರೀತಿರಲಿಲ್ಲ. ನೆಮ್ಮದಿಯಾಗಿ ಹೋದರು."

ಆ ರಾತ್ರಿ ಸ್ವಾಮಿಗಳು ಊಟಕ್ಕೆ ಕೂತರು. ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯಿತು.

ಬೆಳಗ್ಗೆ ಅವರೇ ಶಿಷ್ಯನನ್ನು ಎಬ್ಬಿಸಿದರು.

"ನಿಲುವಂಗಿ ಹಾಕ್ಕೋ. ಲೂರ್ದಮ್ಮನ ಹತ್ತಿರ ಹೋಗಬೇಕು."

"ಮಣ್ಣಿಗಾ ಸ್ವಾಮಿ? ಅದಕ್ಕೆ ಅವರ ಸ್ವಾಮಿಗಳು ಬರ್ತಾರೆ."

"ಮಣ್ಣಿಗಲ್ಲ. ನಿನ್ನೆ ಹೇಳಿದ್ದನ್ನ ಸರಿ ಮಾಡೋಕೆ."

ಅರುಳಪ್ಪ ಗಾಬರಿಯಾದ.

"ಅವರು ಸತ್ತು ಹೋಗಿದಾರೆ ಸ್ವಾಮಿ! ಸತ್ತವರಿಗೆ ಕೇಳುತ್ತಾ?"

"ಕೇಳಲ್ಲ ಅಂತ ನಿನಗೆ ಗ್ಯಾರಂಟಿ ಇದ್ದರೆ, ಭಾನುವಾರ ದೀಕ್ಷೆ ಯಾಕೆ?"

ಇಬ್ಬರೂ ನಡೆದರು. ದಾರಿಯಲ್ಲಿ ಸ್ವಾಮಿಗಳು ಮತ್ತೆ ಮತ್ತೆ ನಿಂತು ಉಸಿರು ತೆಗೆದುಕೊಂಡರು.

ಮನೆಯ ತುಂಬ ಜನ. ಶವದ ಪೆಟ್ಟಿಗೆಯ ತಲೆಯ ಬಳಿ ಮೇಣದಬತ್ತಿ ಉರಿಯುತ್ತಿತ್ತು, ಹೆಂಗಸರು ಜಪಸರದ ಪ್ರಾರ್ಥನೆ ಹೇಳುತ್ತಿದ್ದರು. ಅರುಳಪ್ಪ ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಬಗ್ಗಿ ಏನೋ ಪಿಸುಗುಟ್ಟಿದ.

"ನಿನ್ನೆ ಎಷ್ಟು ಜೋರಾಗಿ ಹೇಳಿದ್ಯೋ ಅಷ್ಟೇ ಜೋರಾಗಿ ಹೇಳು," ಎಂದರು ಸ್ವಾಮಿಗಳು.

ಅರುಳಪ್ಪ ತಲೆ ಎತ್ತಿದ.

"ಅಮ್ಮ, ನಾನು ದೊಡ್ಡ ಚರ್ಚಿನವನಲ್ಲ. ಹಾಸಿಗೆ ಹೊಲಿಯೋ ಇನ್ನಾಸಪ್ಪ ಸ್ವಾಮಿಗಳ ಶಿಷ್ಯ. ನಿಮಗೆ ಸುಳ್ಳು ಹೇಳಿದೆ. ಕ್ಷಮಿಸಿ."

ಜಪಸರ ನಿಂತುಹೋಯಿತು.

ಲೂರ್ದಮ್ಮನ ಮಗಳು ಎದ್ದು ನಿಂತಳು. "ಹಂಗಾದ್ರೆ ನಮ್ಮವ್ವ ಕೊನೇಗೆ ತಕ್ಕೊಂಡಿದ್ದೇನು? ಹೇಳಿ, ಏನದು?"

"ಪರಮಪ್ರಸಾದವೇ ಕಣವ್ವ," ಎಂದರು ಸ್ವಾಮಿಗಳು. "ಕೊಟ್ಟವನು ಸುಳ್ಳು ಹೇಳಿದ. ಕೊಟ್ಟದ್ದು ಸುಳ್ಳಲ್ಲ."

ಅವಳಿಗೆ ಆ ಮಾತು ಬೇಕಿರಲಿಲ್ಲ. ಅವ್ವನ ಪೆಟ್ಟಿಗೆಯ ಮೇಲೆ ಬಿದ್ದು ಗೋಳೋ ಎಂದು ಅತ್ತಳು.

ಚೌರಪ್ಪ ಸ್ವಾಮಿಗಳ ರಟ್ಟೆ ಹಿಡಿದ. "ಹೆಣದ ಮುಂದೆ ಬಂದು ಹಿಂಗಂತೀರಲ್ಲ, ನಿಮಗೇನು ಕರುಳಿಲ್ವಾ? ಕರೆದಿದ್ದೇ ನನ್ನ ತಪ್ಪು. ಆಚೆಗೆ ನಡೀರಿ!"

ಅವನು ನೂಕಿದ ರಭಸಕ್ಕೆ ಸ್ವಾಮಿಗಳು ಹೊಸ್ತಿಲು ಎಡವಿ ಬಿದ್ದರು. ಅರುಳಪ್ಪನ ಹೊರತು ಯಾರೂ ಕೈ ಕೊಡಲಿಲ್ಲ.

ಸುದ್ದಿಗೆ ಕಾಲು ಮೂಡಲು ಎಷ್ಟು ಹೊತ್ತು? ಅವರು ಕೋಣೆಗೆ ಮರಳುವಷ್ಟರಲ್ಲಿ ಆ ಬೀದಿಯವರು ಹೊಲಿಯಲು ಕೊಟ್ಟಿದ್ದ ಹಾಸಿಗೆಗಳನ್ನು ವಾಪಸ್ ಒಯ್ಯುತ್ತಿದ್ದರು. ಅರ್ಧ ಹೊಲಿದದ್ದನ್ನೂ ಬಿಡಲಿಲ್ಲ. ನೆಲದ ಮೇಲೆ ಹತ್ತಿ ಚೆಲ್ಲಾಡಿತ್ತು.

ಸ್ವಾಮಿಗಳು ಒಳಗೆ ಹೋಗದೆ ಹೊಳೆಯ ಕಡೆ ತಿರುಗಿದರು. ಅರುಳಪ್ಪ ಹಿಂದೆಯೇ ಹೋದ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

ಅರುಳಪ್ಪನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು.

"ಸತ್ತವರು ನೆಮ್ಮದಿಯಾಗಿ ಹೋಗಿದ್ದರು. ಇದ್ದವರ ನೆಮ್ಮದಿ ಹಾಳು ಮಾಡಿ ಬಂದೆವು. ಇನ್ನು ನಮ್ಮ ಅನ್ನಕ್ಕೂ ಕಲ್ಲು ಬಿತ್ತು. ಇದರಿಂದ ಯಾರಿಗೆ ಏನು ಸಿಕ್ಕಿತು ಸ್ವಾಮಿ?"

ಬಿದ್ದಾಗ ಕೈಗೆ ಮೆತ್ತಿದ್ದ ಮಣ್ಣನ್ನು ಸ್ವಾಮಿಗಳು ಹೊಳೆಯ ನೀರಲ್ಲಿ ತೊಳೆದುಕೊಂಡರು.

"ಲೂರ್ದಮ್ಮ ಮಲಗಿದ್ದ ಹಾಸಿಗೆ ನಾನೇ ಹೊಲಿದದ್ದು," ಎಂದರು. "ಸೊಂಟ ನೋವು ಅಂತಿದ್ದಳು. ಮೆತ್ತಗಿರಲಿ ಅಂತ ಬೂರುಗದ ಹತ್ತಿ ಹುಡುಕಿ ತಂದು ತುಂಬಿದ್ದೆ. ನಾನು ಬಂದುಬಿಡ್ತೀನಿ ಅಂತ ಹೆದರಿದ್ದಳು ಅಂದೆಯಲ್ಲ, ಅದನ್ನ ಕೇಳಿ ರಾತ್ರಿ ಊಟ ಸೇರಲಿಲ್ಲ."

ಅರುಳಪ್ಪ ತಲೆ ತಗ್ಗಿಸಿದ.

"ನೀನು ಸುಳ್ಳು ಹೇಳಿದ್ದು ಯಾರಿಗೋಸ್ಕರ?"

"ಆ ತಾಯಿಗೋಸ್ಕರ."

"ಅವಳಿಗೋಸ್ಕರವೇ?"

ಅರುಳಪ್ಪ ನಿಲುವಂಗಿಯ ಅಂಚನ್ನು ಮಡಚಿ ಬಿಚ್ಚಿದ.

"ಅಲ್ಲ ಸ್ವಾಮಿ. 'ನೀನು ಬೇಡ' ಅಂದುಬಿಡ್ತಾರೆ ಅಂತ ಭಯ ಆಯಿತು. ಬೇಡ ಅನ್ನಿಸಿಕೊಂಡು ಅಲ್ಲಿಂದ ಹೇಗೆ ಎದ್ದು ಬರೋದು ಅಂತ ಗೊತ್ತಾಗಲಿಲ್ಲ."

ಸ್ವಾಮಿಗಳಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಅರುಳಪ್ಪ ಅವರ ಬೆನ್ನು ನೀವಿದ. ಆಮೇಲೆ ಕೇಳಿದ.

"ನನಗೆ ಭಾನುವಾರ ದೀಕ್ಷೆ ಇದೆಯೋ ಇಲ್ಲವೋ ಹೇಳಿಬಿಡಿ. ಇದ್ದರೂ ನನಗೆ ದಾರಿ ಕಾಣ್ತಿಲ್ಲ. ನಾಳೆ ಇನ್ನೊಬ್ಬರು ಸಾಯ್ತಾ ಇದನ್ನೇ ಕೇಳ್ತಾರೆ. ನಾನು ನಿಜ ಹೇಳ್ತೀನಿ. ಅವರು ಬಾಯಿ ತೆರೆಯೋದಿಲ್ಲ, ಮುಖ ಆ ಕಡೆ ತಿರುಗಿಸಿಬಿಡ್ತಾರೆ. ಆಗ ನಾನು ಏನು ಮಾಡಲಿ?"

ಸ್ವಾಮಿಗಳು ನೀರಿನ ಕಡೆ ನೋಡುತ್ತಲೇ ಹೇಳಿದರು:

"ತಿರುಗಿಸಲಿ. ನೀನು ಎದ್ದು ಬರಬೇಡ. ಅವರ ಬೆನ್ನಿನ ಹತ್ತಿರ ಕೂತಿರೋಕೆ ಆಗುತ್ತೆ ಅಂದರೆ, ಭಾನುವಾರ ಬಾ."