ಕುಂಕುಮ ಮೆತ್ತಿದ ಕಣ್ಣು

ಆಯುಧ ಪೂಜೆಯ ದಿನ ನಿಂಗರಾಜು ಹೊಸ ಕಾರಿಗೆ ಕುಂಕುಮ ಮೆತ್ತಿದ ಅಂದರೆ ಮೆತ್ತಿದ, ಹಿಂದಿನ ಕ್ಯಾಮೆರಾದ ಕಣ್ಣನ್ನೂ ಬಿಡಲಿಲ್ಲ. ಆಮೇಲೆ ರಿವರ್ಸ್ ಗೇರ್ ಹಾಕಿ, ಎದುರಿನ ಕ್ಯಾಮೆರಾ ಪರದೆಯನ್ನೇ ನೋಡುತ್ತ ಹೊರಟ.

ಪಕ್ಕದ ಕನ್ನಡಿ ಕೂಗಿತು: "ಪರದೆಯಣ್ಣಾ, ಹಿಂದಿನ ಚಕ್ರದ ಹತ್ತಿರ ಕರು ನಿಂತಿದೆ! ಬೇಗ ಎಚ್ಚರಿಸು!"

"ಸುಮ್ನಿರೋ ಗಾಜಿನ ಚೂರೇ! ಏಳು ಹಳ್ಳಿ ಹುಡುಕಿದರೂ ನನ್ನಂಥ ಕಣ್ಣಿಲ್ಲ. ಹಿಂದೆ ಇರೋದು ಬರೀ ಕೆಂಪು ನೆಲ."

"ಸಗಣಿ ಸಾರಿಸಿದ ಅಂಗಳ ಕೆಂಪಾದದ್ದು ಯಾವಾಗ?"

ಕಾರು ಹಿಂದಕ್ಕೆ ಸರಿಯಿತು. ಚಕ್ರಕ್ಕೂ ಕರುವಿನ ಕಾಲಿಗೂ ಗೇಣು ದೂರ ಉಳಿಯಿತು.

"ಅಂಬಾ!" ಎಂದು ಕರು ಅರಚಿತು.

ನಿಂಗರಾಜು ಬ್ರೇಕ್ ತುಳಿದು ಇಳಿದ. ಪಂಚೆಯ ತುದಿಯಿಂದ ಕ್ಯಾಮೆರಾ ಒರೆಸಿದ. ಪರದೆಯ ತುಂಬ ಕರುವಿನ ಒದ್ದೆ ಮೂತಿ ಮೂಡಿತು.

"ನೋಡಿದೆಯಾ ಕನ್ನಡಿ," ಎಂದಿತು ಪರದೆ, "ಕರುವನ್ನು ಮೊದಲು ಕಂಡದ್ದು ನಾನೇ!"